ಹೊಳ್ಳಿ ನೋಡುವ ಸಾಲು

ಪುಣೆಯ ನಮ್ಮ ಆಫೀಸಿನಲ್ಲಿ ಕೈಪಿಡಿ ಬರೆಯುವ ಮೇಡಂ ಒಬ್ಬರಿದ್ದರು, ವಿಜಯಪುರದ ಕಡೆಯವರು. ಸಾಫ್ಟ್‌ವೇರಿನ ಹೊಸ ಆವೃತ್ತಿ ಬಿಡುಗಡೆ ಮಾಡುವ ಕೆಲಸವನ್ನು ಎಐ ಏಜೆಂಟಿಗೆ ಒಪ್ಪಿಸುವುದೆಂದು ತೀರ್ಮಾನವಾದಾಗ, ಅದು ಓದಿ ನಡೆಯಬೇಕಾದ ಸೂಚನೆಗಳನ್ನು ಬರೆಯುವುದು ಅವರ ಪಾಲಿಗೆ ಬಂತು. ಅವರು ನಮ್ಮನ್ನು ಹೆಚ್ಚೇನೂ ಕೇಳಲಿಲ್ಲ. ಬಿಡುಗಡೆಯ ಹೊತ್ತಿಗೆ ನಮ್ಮ ಹಿಂದೆ ಕುರ್ಚಿ ಹಾಕಿಕೊಂಡು, ಹುರಿಗಡಲೆ ತಿನ್ನುತ್ತಾ ನಮ್ಮನ್ನೇ ನೋಡುತ್ತಿದ್ದರು. ಯಾರಾದರೂ "ಇದು ಎಲ್ರಿಗೂ ಗೊತ್ತಿರೋದೇ" ಎಂದರೆ, "ಆ ಏಜೆಂಟಿಗೆ ಹೆಂಗ ಗೊತ್ತಾಗಬೇಕ್ರಿ?" ಎನ್ನುತ್ತಿದ್ದರು.

ಅವರ ಕರಡಿನಲ್ಲಿ ಒಂದು ಸಾಲಿತ್ತು: 'ಸಪೋರ್ಟ್‌ನವರು ಗಿರಾಕಿಗಳ ಜೊತೆ ಫೋನಿನಲ್ಲಿದ್ದಾರೆಯೇ ಎಂದು ಕೇಳು. ಉತ್ತರ ಬರುವವರೆಗೆ ಕಾಯು.'

ಬೆಂಗಳೂರಿನವರಾದ ನಮ್ಮ ಮ್ಯಾನೇಜರ್ ನಕ್ಕರು. "ಈ ಸ್ಟೆಪ್ ಯಾಕೆ ಮೇಡಂ? ನಾವ್ಯಾರೂ ಕೇಳಲ್ವಲ್ಲ."

"ಕೇಳಂಗಿಲ್ಲ, ಖರೆ. ಆದ್ರ ಬಟನ್ ಒತ್ತೂದಕ್ಕಿಂತ ಮೊದಲ ಎಲ್ಲಾರೂ ಹೊಳ್ಳಿ ಸಪೋರ್ಟ್‌ನವರ ಕಡೆ ನೋಡ್ತೀರಿ. ನಮ್ಮ ಗಿರಾಕಿ, ಚಾಕಣದ ಫ್ಯಾಕ್ಟರಿಯವರು ಯಾರರ ಫೋನಿನ್ಯಾಗ ಇದ್ರ ತಡೀತೀರಿ. ಬಿಡುಗಡಿ ಮಾಡಿದ್ರ ಅವರ ಸ್ಕ್ರೀನ್ ನಡುವ ನಿಂತುಬಿಡ್ತದಲ್ರಿ."

ಮ್ಯಾನೇಜರ್ ತಮಗರಿವಿಲ್ಲದೆಯೇ ಹಿಂದಕ್ಕೆ ತಿರುಗಿದರು. ಸಪೋರ್ಟ್ ಹುಡುಗಿ ಫೋನಿನಲ್ಲಿ "ಥಾಂಬಾ, ಥಾಂಬಾ" ಎಂದು, ಸ್ವಲ್ಪ ತಡೆಯಿರಿ ಎಂದು ಮರಾಠಿಯಲ್ಲಿ ಯಾರನ್ನೋ ಸಮಾಧಾನಪಡಿಸುತ್ತಿದ್ದಳು.

ಮೇಡಂ ಬಾಯಿಗೆ ನಾಲ್ಕು ಕಡಲೆ ಹಾಕಿಕೊಂಡರು. "ನೋಡ್ರಿ, ಆ ಏಜೆಂಟಿಗೆ ಹಿಂಗ ಹೊಳ್ಳಾಕ ಈ ಕುತ್ತಿಗಿ ಇಲ್ಲ."