‘ಕಲ್’ ಎಂದರೆ ಯಾವ ದಿನ?

ಮನುಷ್ಯಕುಲ ಮುಂದುವರಿದಿದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಚಿತ್ತಾಪುರದಲ್ಲಿ ತತ್ವಶಾಸ್ತ್ರ ಕಲಿಸುವವನಿಗೆ ಇಷ್ಟಾದರೂ ಅಪನಂಬಿಕೆ ಬೇಕಲ್ಲ? ಆದರೆ ಮೊಬೈಲಿನ ಬ್ಯಾಟರಿ ಕೆಂಪಾದರೆ ನನಗೆ ಬೆವರೊಡೆಯುತ್ತದೆ. ಇದನ್ನು ವಿದ್ಯಾರ್ಥಿಗಳಿಗೆ ಹೇಳಿಲ್ಲ, ನಿಮ್ಮಲ್ಲೇ ಇರಲಿ.

ಈ ಅಪನಂಬಿಕೆಯನ್ನು ಒಂದು ಗಂಟೆ ಎಳೆದು ಹೇಳಿ ಎಂದು ಸೇಡಂನ ಕಾಲೇಜೊಂದು ಕರೆಯಿತು. ಹದಿನೆಂಟು ಪುಟ ಬರೆದೆ. ಮುಗಿಸಿದ ಖುಷಿಯಲ್ಲಿ ಕನ್ನಡಕದ ಮೇಲೆ ಕೂತೆ. ಅದಿಲ್ಲದಿದ್ದರೆ ನನ್ನ ಅಕ್ಷರ ಇರುವೆ ಸಾಲು. ಎದುರಿಗಿರುವ ಹೆಂಡತಿ ಬರೀ ಒಂದು ಬಣ್ಣ, ಅದೂ ಸಿಟ್ಟಿನದು.

ಮುರಿದದ್ದನ್ನು ರಿಪೇರಿಗೆ ಕೊಟ್ಟು, ಭಾಷಣದ ಹಿಂದಿನ ದಿನ ಕನ್ನಡಕದಂಗಡಿಯ ಖಾಸಿಂ ಚಾಚಾಗೆ ಫೋನ್ ಮಾಡಿದೆ. “ಚಾಚಾ, ನನ್ನ ಕನ್ನಡಕ?”

“ಕಲ್, ಮಾಸ್ತರ್, ಕಲ್!” ಎಂದು ಫೋನಿಟ್ಟರು.

ನಾಳೆ ಎಂದುಕೊಂಡು ಬೆಳಿಗ್ಗೆ ಅಂಗಡಿಗೆ ಓಡಿದೆ.

“ಅರೆ, ಕಲ್ ಅಂದೆನಲ್ರಿ! ಮೊನ್ನೇನೇ ಕಳಿಸೀನಿ.”

“ಎಲ್ಲಿಗೆ?”

“ಸೇಡಂಗ. ಭಾಷಣ ಅಲ್ಲೇ ಅಂದಿದ್ರಿ. ಬಸ್ ಕಂಡಕ್ಟರ್ ನಮ್ಮ ತಂಗಿ ಮಗಾನೇ ಇದ್ದಾನ, ಕಾಲೇಜಿಗಿ ಮುಟ್ಟಸ್ತಾನ. ಸುಮ್ನ ಯಾಕ ಫಿಕರ್ ಮಾಡ್ತೀರಿ?”

ಬಸ್ಸಿನಲ್ಲಿ ಕುಲುಕುತ್ತಾ ಹೊಳೆಯಿತು: ಚಾಚಾರ ಉರ್ದುವಿನಲ್ಲಿ ನಿನ್ನೆಗೂ ನಾಳೆಗೂ ಒಂದೇ ಪದ, ಕಲ್! ಹದಿನೆಂಟು ಪುಟದಲ್ಲಿ ನಾನು ತಿಣುಕಿದ್ದನ್ನು ಅವರು ಒಂದೇ ಉಸಿರಿಗೆ ಮುಗಿಸಿದ್ದರು. ಕನ್ನಡದಲ್ಲಿ ತೆಗೆದುಕೊಂಡರೂ ಕಲ್ ಎಂದರೆ ಶಹಾಬಾದಿನ ಹಾಸುಗಲ್ಲು. ಅದೂ ಮುಂದುವರಿಯುವ ಪೈಕಿ ಅಲ್ಲ.

ಸೇಡಂನಲ್ಲಿ ಕಂಡಕ್ಟರೂ ಇಲ್ಲ, ಕನ್ನಡಕವೂ ಇಲ್ಲ. ಎದ್ದು ನಿಂತೆ. ಸಭೆ ಬಣ್ಣಬಣ್ಣದ ಮಬ್ಬು. ಯಾವಾಗಲೂ ಮಾತಾಡುತ್ತಾ ಆಕಳಿಕೆ ಎಣಿಸುವವನು ನಾನು. ಅವತ್ತು ಒಂದೂ ಕಾಣಲಿಲ್ಲ! ಕಾಗದ ಮಡಚಿಟ್ಟು ‘ಕಲ್’ ಬಗ್ಗೆಯೇ ಶುರುಮಾಡಿದೆ. ಮುಂದಿನ ಸಾಲಿನಲ್ಲಿ ನಗು ಕೇಳಿಸಿತು. ಹುರುಪೇರಿತು. ಚಕ್ರದಿಂದ ಚಂದ್ರಯಾನದವರೆಗೆ ಎಲ್ಲವನ್ನೂ ಝಾಡಿಸಿದೆ. ಜನ್ಮದಲ್ಲಿ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ.

ಅಷ್ಟರಲ್ಲಿ ಖಾಕಿ ಬಣ್ಣವೊಂದು ವೇದಿಕೆ ಹತ್ತಿ ಬಂತು. “ಮಾಸ್ತರ್ರ, ಮಾಮೂ ಕೊಟ್ಟಿದ್ರು. ಕಿಸೇದಾಗೇ ಉಳದಿತ್ತು. ಹಾಕ್ಕೋರಿ.”

ಹಾಕಿಕೊಂಡೆ. ಲೋಕ ಥಳಥಳ ತೊಳೆದಿಟ್ಟಂತೆ ಕಂಡಿತು. ಮೂರನೇ ಸಾಲಿನಿಂದ ಹಿಂದಕ್ಕೆ ಗಾಢ ನಿದ್ದೆ. ಮುಂದಿನ ಸಾಲಿನಲ್ಲಿ ನಗುತ್ತಿದ್ದ ಇಬ್ಬರು ಮೊಬೈಲ್ ನೋಡಿ ನಗುತ್ತಿದ್ದರು.

ನನ್ನ ಮುಖ ನೋಡಿ ಕಂಡಕ್ಟರ್ ಗಾಬರಿಯಾದ. “ಯಾಕ್ರಿ, ನಂಬರ್ ಸರಿ ಆಗಿಲ್ಲೇನ್ರಿ?”

“ಭಾಳ ಸರಿ ಆಗ್ಯಾದಪ್ಪಾ,” ಎಂದು ಕನ್ನಡಕ ತೆಗೆದು ಜೇಬಿಗಿಟ್ಟು, ಮುಂದುವರಿದೆ.