ಮಲಗಿಸಿ ಹೂತ ಸಾಧು

ನಿಜಾಮಶಾಹಿಯ ಕೊನೆಯ ವರ್ಷಗಳವು. ರಾಯಚೂರಿನ ಟಾಕೀಸಿಗೆ ಪರದೇಶದ ಸಿನಿಮಾ ಬಂದಿದೆ, ಯಾವನೋ ಸಾಧುವಿನ ಕತೆಯಂತೆ ಎಂದು ಅಪ್ಪ ನನ್ನನ್ನೂ ಅವ್ವನನ್ನೂ ದೇವದುರ್ಗದಿಂದ ಮೋಟಾರು ಬಸ್ಸಿನಲ್ಲಿ ಕರೆದುಕೊಂಡು ಹೋದ. ಮಾನ್ವಿಯ ಗಂಡನ ಮನೆಯಿಂದ ತವರಿಗೆ ಬಂದಿದ್ದ ನಾನು ಮಂಕಾಗಿ ಕೂತಿದ್ದೆ. ಹಿಂದಿನ ವರ್ಷ ನನ್ನ ಚೊಚ್ಚಲ ಕೂಸು ಇದೇ ತವರಿನಲ್ಲಿ ಹುಟ್ಟಿ, ತೊಟ್ಟಿಲಿಗೆ ಹಾಕುವ ಮೊದಲೇ ತೀರಿಹೋಗಿತ್ತು. ಸಿನಿಮಾ ನೋಡಿದರೆ ಮಗಳ ಮನಸ್ಸು ಹಗುರಾದೀತು ಎಂಬುದು ಅಪ್ಪನ ಆಸೆ.

ಸಾಧುವಿನ ಕತೆ ಎಂದಮೇಲೆ ಅವ್ವ ಚಪ್ಪಲಿಯನ್ನು ಟಾಕೀಸಿನ ಹೊರಗೇ ಬಿಟ್ಟಳು. ಮಾತು ಒಂದೂ ತಿಳಿಯಲಿಲ್ಲ, ಕಣ್ಣು ಮಾತ್ರ ಕೀಳಲಾಗಲಿಲ್ಲ. ಬೆಟ್ಟದ ತುಂಬ ಅರಳೆ ಸುರುವಿದಂಥ ಹಿಮ. ಅದರ ಮೇಲೆ ಒಬ್ಬನೇ ನಡೆದುಹೋಗುವ ಮುದುಕ ಸಾಧು. ಎತ್ತರದ ಕಿಟಕಿಯಿಂದ ಅವನ ಬೋಳು ತಲೆಯ ಮೇಲೆ ಬೀಳುವ ಬೆಳಕು. ಕೊನೆಗೆ ಅವನು ಸತ್ತ. ಉದ್ದನೆಯ ಪೆಟ್ಟಿಗೆಯಲ್ಲಿ ಅಂಗಾತ ಮಲಗಿಸಿ ಮಣ್ಣು ಮಾಡಿದರು. ಆಮೇಲೆ ಆ ಮಣ್ಣು ಅಲುಗಿತು, ಸತ್ತವನು ಎದ್ದು ಬಂದ. ನಾನು ಅವ್ವನ ಸೆರಗು ಹಿಡಿದುಕೊಂಡೆ.

ತಿರುಗಿ ಬರುವಾಗ ಕಲ್ಮಲ ದಾಟುವವರೆಗೂ ಮೋಟಾರಿನಲ್ಲಿ ಅದೇ ಮಾತು. ಅರಳೆ ವ್ಯಾಪಾರದ ಅಪ್ಪನಿಗೆ ಆ ಬಿಳುಪೇ ಕಣ್ಣಿಗೆ ಹಬ್ಬ.

"ತಿಳೀಲಿಲ್ಲ ಖರೆ. ಆದ್ರ ಅಂಥಾ ಬೆಳಕ ಎಲ್ಲೆರ ನೋಡೀರೇನು?" ಎಂದ.

"ಹಾಡಿಲ್ಲ, ಕುಣಿತ ಇಲ್ಲ, ಅದೇನ್ ಸಿನಿಮಾರಿ," ಎಂದು ಹಿಂದೆ ಕೂತವನೊಬ್ಬ ಮೂಗು ಮುರಿದ.

ಅವ್ವನದು ಬೇರೆಯೇ ತಕರಾರು. "ಮಲಗಿಸಿ ಹೂತ್ರ ಏಳದ ಏನ್ ಮಾಡ್ತಾನ? ಇಬತ್ತಿ ಹಚ್ಚಿ, ಕೈಯಾಗ ಲಿಂಗ ಕೊಟ್ಟು ಕುಂದರ್ಸಿದ್ರ ಸುಮ್ನ ಶಿವನ ಪಾದ ಸೇರತಿದ್ದ."

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಸಮಾಧಿ ಮಾಡುವುದು. ಅವ್ವನ ಮಾತಿಗೆ ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ನನ್ನ ಕೂಸನ್ನು ಹೇಗೆ ಇಟ್ಟಿದ್ದರು? ಬಾಣಂತಿಯಾದ ನಾನು ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಅಪ್ಪನೇ ಹಿತ್ತಲ ಬಾಗಿಲಿನಿಂದ ಎತ್ತಿಕೊಂಡು ಹೋಗಿದ್ದ. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅಂದಿನಿಂದ ಹೊತ್ತು ಮುಳುಗುವ ಮೊದಲೇ ಹಿತ್ತಲ ಬಾಗಿಲಿಗೆ ಅಗಳಿ ಹಾಕತೊಡಗಿದೆ. ಬೆಕ್ಕು ಅತ್ತರೂ ಜೀವ ಬಾಯಿಗೆ ಬರುತ್ತಿತ್ತು. ಕೂಸು ಎದ್ದು ಬಂದು ಹಾಲು ಕೇಳಿದರೆ ಏನು ಕೊಡಲಿ? ನನ್ನ ಎದೆಯ ಹಾಲು ಎಂದೋ ಬತ್ತಿತ್ತು. ಇಂಥ ಹುಚ್ಚು ಹೆದರಿಕೆಯನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಕಡೆಗೆ ತಡೆಯಲಾಗದೆ, ರುಮಾಲು ಸುತ್ತುತ್ತ ನಿಂತಿದ್ದ ಅಪ್ಪನನ್ನು ಕೇಳಿಯೇಬಿಟ್ಟೆ. "ಯಪ್ಪಾ, ಕೂಸಿನ್ನ ಕುಂದರ್ಸಿದ್ಯೋ, ಮಲಗಿಸಿದ್ಯೋ?"

ಅಪ್ಪ ರುಮಾಲು ಅರ್ಧಕ್ಕೇ ಬಿಟ್ಟ. ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಕುಂದರ್ಸಾಕ ನೋಡಿದ್ನೆವ್ವಾ. ಹಸಿ ಕೂಸು, ಕುತ್ತಿಗಿ ನಿಂದ್ರಲಿಲ್ಲ. ಹಂಗ ಮಲಗಿಸಿ ಬಂದೆ. ನಿಮ್ಮವ್ವಗ ಹೇಳಬ್ಯಾಡ."

ಅಂದು ಸಂಜೆಯಾಯಿತು. ಹೆದರಿಕೆ ಒಂದಿಷ್ಟೂ ಇಳಿದಿರಲಿಲ್ಲ. ಒಂದು ಬಟ್ಟಲು ಆಕಳ ಹಾಲನ್ನು ಬೆಚ್ಚಗೆ ಮಾಡಿ ಹೊಸ್ತಿಲ ಬಳಿ ಇಟ್ಟೆ. ಆಮೇಲೆ ಹಿತ್ತಲ ಬಾಗಿಲ ಅಗಳಿ ತೆಗೆದೆ.