ಬಸವಣ್ಣನ ಮೂಟೆಯ ಮೇಲೆ ಕೂತ ದಿನ

ನಾನು ಚಿಕ್ಕವಳಿದ್ದಾಗ ನಮ್ಮೂರಿನ ಗುಡಿಯ ಅಂಗಳದಲ್ಲಿ ಯಾವ ಹೆಣ್ಣುಮಗಳೂ ಕಾಲು ಚಾಚಿ ಕೂರುತ್ತಿರಲಿಲ್ಲ. ನಾನು ಕೂತೆ. ಅದೂ ದೇವರ ಕೊಬ್ಬರಿ ಮೂಟೆಯ ಮೇಲೆ, ಊರೆಲ್ಲ ನೋಡುತ್ತಿರುವಾಗ, ಬೆಳಗಿನಿಂದ ಸಂಜೆಯಾಗುವವರೆಗೆ. ಕಾಲು ಚಾಚಿದ್ದು ಅಹಂಕಾರದಿಂದಲ್ಲ, ನನ್ನ ಬಲಗಾಲು ಮಡಚುತ್ತಿರಲಿಲ್ಲ. ಕೂತದ್ದು ಮಾತ್ರ ಬೇಕೆಂದೇ ಕೂತದ್ದು. ಇವತ್ತಿಗೂ ಅದಕ್ಕೆ ನನಗೆ ಒಂದು ಚೂರೂ ಬೇಸರವಿಲ್ಲ.

ಮೊದಲು ಕಾಲಿನ ವಿಷಯ ಹೇಳಿ ಮುಗಿಸುತ್ತೇನೆ. ನೀವು ಮಕ್ಕಳಂತೂ ಅದನ್ನು ಕೇಳದೆ ಬಿಡುವುದಿಲ್ಲ. ನಮ್ಮದು ಕಂದಿಕೆರೆ ಕಡೆಯ ಒಂದು ಸಣ್ಣ ಊರು. ಆಗ ನಮ್ಮ ಸೀಮೆಯ ಮನೆಗಳಲ್ಲಿ ಜನರಿಗಿಂತ ತೆಂಗಿನಕಾಯಿಗೇ ಹೆಚ್ಚು ಜಾಗ. ತೋಟದಿಂದ ಕಿತ್ತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತಿರ ಹತ್ತಿರ ಒಂದು ವರ್ಷ ಅದು ಅಲ್ಲೇ ಇರಬೇಕು. ಕೆಳಗೆ ನಾವು ಅಡುಗೆ ಮಾಡುತ್ತಿದ್ದೆವು, ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು. ಮೇಲೆ ಕಾಯಿಯೊಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತಿತ್ತು. ಆದಾಗ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಡುಗುಡು ಎಂದು ಸದ್ದು ಬರುತ್ತಿತ್ತು. ಆ ಸದ್ದು ಕೇಳುವುದೆಂದರೆ ನನಗೆ ಪ್ರಾಣ. ಒಣಗಿದ ನಾರಿನ ವಾಸನೆ, ಹೆಂಚಿನ ಸಂದಿಯಿಂದ ಇಳಿಯುವ ಬಿಸಿಲಿನ ಕೋಲು, ಮೈಗೆಲ್ಲ ಅಂಟುವ ಧೂಳು. ಏಣಿ ಹತ್ತಿದರೆ ನನ್ನನ್ನು ಕೆಳಗಿಳಿಸುವುದು ಕಷ್ಟವಾಗುತ್ತಿತ್ತು.

ಪ್ರತಿ ಮನೆಯ ತೋಟದಲ್ಲೂ ಒಂದು ಮರ ಊರ ದೇವರು ಬಸವಣ್ಣನಿಗೆ ಮೀಸಲು. ಅದಕ್ಕೆ ದೇವರ ಮರ ಎನ್ನುತ್ತಿದ್ದೆವು. ಆ ಮರದ ಕಾಯಿ ಬೇರೆ ಕಾಯಿಯ ಜೊತೆ ಬೆರೆಯಬಾರದು. ಅಟ್ಟದ ಮೂಡಣ ಮೂಲೆಯಲ್ಲಿ ಅದನ್ನು ಬೇರೆಯಾಗಿ ಇಡುತ್ತಿದ್ದರು. ಅದು ದೇವರ ಮೂಲೆ. ಅಲ್ಲಿಗೆ ಯಾರೂ ಕಾಲಿಡಬಾರದು, ಪೊರಕೆ ತಾಗಿಸಬಾರದು. ಅಟ್ಟ ಹೊತ್ತಿದ್ದ ಉಳಿದ ಬಿದಿರ ಗಳಗಳನ್ನೆಲ್ಲ ಅಪ್ಪ ವರ್ಷಕ್ಕೊಮ್ಮೆ ತಟ್ಟಿ ನೋಡುತ್ತಿದ್ದ. ಆ ಮೂಲೆಯ ಬಿದಿರ ಗಳವನ್ನು ಮಾತ್ರ ಭಕ್ತಿಯಿಂದ ಮುಟ್ಟುತ್ತಿರಲಿಲ್ಲ.

ಗೆದ್ದಲಿಗೆ ಭಕ್ತಿ ಎಲ್ಲಿಂದ ಬರಬೇಕು? ನಾನು ಎಂಟು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ದೇವರ ಕಾಯಿಯ ಸದ್ದು ಹೇಗಿರುತ್ತದೋ ಕೇಳೋಣವೆಂದು ಆ ಮೂಲೆಗೆ ಹೋದೆ. ಒಂದು ಕಾಯಿ ಎತ್ತಿ ಕಿವಿಗೆ ಹಿಡಿದದ್ದಷ್ಟೇ ನೆನಪು. ಗಳ ಮುರಿದು ನಾನೂ ಕಾಯಿಗಳೂ ಒಟ್ಟಿಗೆ ಕೆಳಗೆ ಬಿದ್ದೆವು. ಎರಡು ಆಸ್ಪತ್ರೆ, ಅರ್ಧ ವರ್ಷ ಹಾಸಿಗೆ. ಕಾಲು ಉಳಿಯಿತು, ಮಂಡಿ ಮಡಚುವುದು ಉಳಿಯಲಿಲ್ಲ. ಊರಿನ ಯಜಮಾನರು, ಅಂದರೆ ಗುಡಿಯ ಉಸ್ತುವಾರಿ ನೋಡುತ್ತಿದ್ದ ಹಿರಿಯರು, ನಮ್ಮ ಮನೆಗೆ ಬಂದು, ದೇವರ ಕಾಯಿಗೆ ಕೈ ಹಾಕಿದ್ದಕ್ಕೆ ಬಸವಣ್ಣ ಕಾಲು ಮುರಿದ ಎಂದು ಹೇಳಿ, ಕಾಫಿ ಕುಡಿದು ಹೋದರು. ಅಪ್ಪ ಅದನ್ನು ನಂಬಿದ. ಆ ಮೇಲೆ ಅವನು ನನ್ನ ಕಾಲನ್ನು ನೇರವಾಗಿ ನೋಡುತ್ತಲೇ ಇರಲಿಲ್ಲ. ನನಗೆ ಕಾಲಿನ ನೋವಿಗಿಂತ ಅದೇ ಹೆಚ್ಚು ನೋಯುತ್ತಿತ್ತು.

ಮರುವರ್ಷ ನಮ್ಮ ಹಿತ್ತಲಿನಲ್ಲೇ ಇನ್ನೊಂದು ಅನಾಹುತವಾಯಿತು. ನಮ್ಮಲ್ಲಿ ಕಾಯಿ ಒಡೆಯಲು ಬರುತ್ತಿದ್ದ ಒಬ್ಬ ಹೆಂಗಸಿಗೆ ನಾಲ್ಕು ವರ್ಷದ ಮಗಳಿದ್ದಳು. ನಾವೆಲ್ಲ ಪುಟ್ಟಿ ಎನ್ನುತ್ತಿದ್ದೆವು. ಒಡೆದ ಕಾಯಿಯ ಚಿಪ್ಪನ್ನು ಅಲ್ಲೇ ಸುಡುತ್ತಿದ್ದರು, ಆ ಕೆಂಡದ ಮೇಲೆ ಬೂದಿ ಮುಚ್ಚಿಕೊಂಡರೆ ಅದು ಆರಿಹೋದ ಹಾಗೆ ಕಾಣುತ್ತದೆ. ಪುಟ್ಟಿ ಅದನ್ನು ಮಣ್ಣೆಂದುಕೊಂಡು ಎರಡೂ ಕೈಯಲ್ಲಿ ಬಾಚಲು ಹೋದಳು. ಎಡಗೈ ಹೇಗೋ ವಾಸಿಯಾಯಿತು. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಅಂಗೈಯೊಳಗೆ ಮುದುಡಿದವು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದರೆ ಬೆರಳು ಬಿಡಿಸಬಹುದು, ತಡಮಾಡಿದರೆ ಕೈ ಹಾಗೇ ಗಟ್ಟಿಯಾಗಿಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳ ಅವ್ವನ ಹತ್ತಿರ ಬೆಂಗಳೂರಿನವರೆಗೆ ಹೋಗುವಷ್ಟು ದುಡ್ಡೇ ಇರಲಿಲ್ಲ.

ನಾನು ಹೇಳಬೇಕೆಂದಿರುವ ದಿನ ಅದೇ ವರ್ಷದ ಕಾರ್ತಿಕದ ಕಡೆಯ ಸೋಮವಾರ. ಅವತ್ತು ಮನೆಮನೆಯ ದೇವರ ಕೊಬ್ಬರಿ ಗುಡಿಗೆ ಬರಬೇಕು. ಅಲ್ಲಿ ಪೂಜೆಯಾದ ಮೇಲೆ ಅದನ್ನು ಗಾಡಿಗೆ ಹೇರಿ ತಿಪಟೂರಿನ ಮಂಡಿಗೆ ಒಯ್ದು ಮಾರುವುದು, ಬಂದ ದುಡ್ಡನ್ನು ಗುಡಿಯ ಕೆಲಸಕ್ಕೆ ಬಳಸುವುದು ಪದ್ಧತಿ. ಆ ವರ್ಷ ಗರ್ಭಗುಡಿಯ ಬಾಗಿಲಿಗೆ ಹಿತ್ತಾಳೆ ತಗಡು ಹೊಡೆಸುವುದೆಂದು ಯಜಮಾನರು ತೀರ್ಮಾನಿಸಿದ್ದರು. ಗಾಡಿ ನಮ್ಮದು. ನಾನು ದೇವರ ಕೊಬ್ಬರಿ ಮುಟ್ಟಕೂಡದೆಂದು ಕಟ್ಟಪ್ಪಣೆಯಾಗಿತ್ತು. ಊರುಗೋಲು ಊರಿಕೊಂಡು ಅಜ್ಜಿಯ ಹಿಂದೆ ಹೋಗಿದ್ದೆ.

ಗುಡಿಯ ಕಲ್ಲುಚಪ್ಪಡಿಯ ಮೇಲೆ ಮೂಟೆಗಳು ಸಾಲಾಗಿ ನಿಂತಿದ್ದವು. ಹೊಸ ಕೊಬ್ಬರಿಯ ಸಿಹಿ ವಾಸನೆಗೆ ಕಟ್ಟಿರುವೆಗಳು ಆಗಲೇ ಬಂದಿದ್ದವು. ಪುಟ್ಟಿಯ ಅವ್ವ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲ ಹೊರಗೆ ನಿಂತಿದ್ದಳು. ಪೂಜೆ ಮುಗಿದ ಕೂಡಲೇ ನಮ್ಮ ಅಜ್ಜಿ ಯಜಮಾನರ ಮುಂದೆ ನಿಂತು, ಈ ಸಲದ ಕೊಬ್ಬರಿಯ ದುಡ್ಡು ಆ ಮಗುವಿನ ಕೈ ಆಪರೇಷನ್ನಿಗೆ ಹೋಗಲಿ ಎಂದು ಕೇಳಿದಳು. ಯಜಮಾನರು ನಕ್ಕರು.

“ದೇವರದ್ದು ದೇವರಿಗೇ ಸೇರ್ಬೇಕು ಕಣಮ್ಮ. ಎತ್ರಲಾ ಮೂಟೆನಾ.”

ಆಳುಗಳು ಮೊದಲ ಮೂಟೆಗೆ ಬಗ್ಗಿದರು. ಆಗ ನನಗೆ ಏನಾಯಿತೋ, ಊರುಗೋಲು ಬಿಸಾಕಿ ಹೋಗಿ ಆ ಮೂಟೆಯ ಮೇಲೆ ಕೂತುಬಿಟ್ಟೆ.

“ಏಳವ್ವ ಮೇಲೆ,” ಎಂದರು ಯಜಮಾನರು. “ದೇವರ ಮೂಟೆ ಅದು. ಮೊದ್ಲೇ ಒಂದು ಕಾಲು ಹೋಗೈತೆ.”

“ಇನ್ನೊಂದೂ ಹೋಗ್ಲಿ. ಏಳಲ್ಲ,” ಎಂದೆ.

ನನಗೆ ಹೆದರಿಕೆಯಾಗಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಆದರೆ ಒಂದು ವರ್ಷ ಹಾಸಿಗೆಯಲ್ಲೂ ಜಗಲಿಯಲ್ಲೂ ಕೂತು ಯೋಚಿಸಿದ್ದು ಒಟ್ಟಾಗಿ ಸಿಟ್ಟಾಗಿತ್ತು. ಅಷ್ಟು ದೊಡ್ಡ ಬಸವಣ್ಣ, ಒಂದು ಕಾಯಿಗೋಸ್ಕರ ಎಂಟು ವರ್ಷದವಳ ಮೇಲೆ ಹಗೆ ಸಾಧಿಸುತ್ತಾನೆ ಎಂದರೆ ನಾನು ನಂಬಲು ತಯಾರಿರಲಿಲ್ಲ. ಅಜ್ಜಿ ನನ್ನನ್ನು ಒಮ್ಮೆ ನೋಡಿದಳು, ಸೆರಗು ಸೊಂಟಕ್ಕೆ ಸಿಗಿಸಿ ಪಕ್ಕದ ಮೂಟೆಯ ಮೇಲೆ ತಾನೂ ಕೂತಳು.

ಯಜಮಾನರು ಹಟಕ್ಕೆ ಹಟ ಎಂಬಂತೆ ಬಸವಣ್ಣನನ್ನೇ ಕೇಳೋಣ ಎಂದರು. ಊರಿನಲ್ಲಿ ಇತ್ಯರ್ಥವಾಗದ ಮಾತಿಗೆ ಹೂ ಕೇಳುವ ಪದ್ಧತಿ ಇತ್ತು. ಒದ್ದೆ ಮಾಡಿದ ಹೂವನ್ನು ಕಲ್ಲಿನ ಬಸವಣ್ಣನ ಹಣೆಗೆ ಅಂಟಿಸಿ ಕೈಮುಗಿದು ಕೂರುವುದು. ಅದು ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಬೀಳುವವರೆಗೆ ಇದ್ದದ್ದನ್ನು ಇದ್ದಲ್ಲಿಂದ ಯಾರೂ ಕದಲಿಸಬಾರದು. ಕೊಬ್ಬರಿಯನ್ನು ಮಗುವಿಗೆ ಕೊಡಬಹುದೇ ಎಂದು ಕೇಳಿ ಪೂಜಾರಿ ಒಂದು ಕಣಗಿಲೆ ಹೂ ಅಂಟಿಸಿದ.

ಹೂ ಬೀಳಲಿಲ್ಲ.

ಬಿಸಿಲು ಏರಿತು, ಚಪ್ಪಡಿ ಕಾದಿತು. ಮೂಟೆಯೊಳಗಿನ ಕೊಬ್ಬರಿ ಉಂಡೆಗಳು ನನ್ನ ತೊಡೆಗೆ ಒತ್ತುತ್ತಿದ್ದವು. ಯಾರೋ ಮನೆಗೆ ಹೋಗಿ ಮುದ್ದೆ ಉಂಡು ಬಂದರು, ಅವರ ಕೈಯಿಂದ ಅವರೆಕಾಳು ಸಾರಿನ ಘಮ ಬರುತ್ತಿತ್ತು. ನಾನು ಅಲುಗಲಿಲ್ಲ. ಹೂ ಬಾಡಿತು, ಒಣಗಿತು, ಕಲ್ಲಿಗೆ ಇನ್ನೂ ಗಟ್ಟಿಯಾಗಿ ಅಂಟಿತು. ಪುಟ್ಟಿ ಅತ್ತು ಅತ್ತು ನಿದ್ದೆ ಹೋದಳು. ಮೂರು ಗಂಟೆಯ ಹೊತ್ತಿಗೆ ಅವಳ ಅವ್ವ ಅಜ್ಜಿಯ ಹತ್ತಿರ ಬಂದು, “ಬುಡಿ ಅಜ್ಜಿ, ನಮ್ಮ ಹಣೇಲಿ ಬರ್ದಂಗಾಯ್ತದೆ, ನಮ್ಮಿಂದ ನಿಮಗ್ಯಾಕೆ ನಿಷ್ಠೂರ,” ಎಂದು ಹೊರಡಲು ನಿಂತಳು.

“ಹೂ ಬೀಳೋಗಂಟ ಅವಳ ಬೆರಳು ಕಾಯ್ತಾವಾ?” ಎಂದು ನಾನು ಯಜಮಾನರನ್ನು ಕೇಳಿದೆ.

ಅಜ್ಜಿ ಎದ್ದು ಗರ್ಭಗುಡಿಯ ಹೊಸ್ತಿಲಿನವರೆಗೆ ಹೋಗಿ ಬಸವಣ್ಣನನ್ನು ನೋಡಿದಳು. ಆಮೇಲೆ ಯಜಮಾನರ ಕಡೆಗೆ ತಿರುಗಿದಳು. ಅವರಿಗಿಂತ ಅವಳು ಹತ್ತು ವರ್ಷಕ್ಕೆ ದೊಡ್ಡವಳು, ಅವರು ಅಂಬೆಗಾಲಿಡುವುದನ್ನು ನೋಡಿದ್ದವಳು.

“ಅವನು ಹೇಳಲ್ಲ ಕಣಪ್ಪ. ಇಂಥದ್ದನ್ನೂ ನನ್ನೇ ಕೇಳ್ತಾರಲ್ಲ ಅಂತ ಅವನಿಗೇ ನಾಚ್ಕೆ ಆಗಿರ್ಬೇಕು. ಬೆಂದ ಕೂಸು ಕಣ್ಣೆದುರಿಗೈತೆ. ನಾವು ಹೂವಿನ ಮುಖ ನೋಡ್ಕೊಂಡು ಕೂತಿದ್ದೀವಿ.”

ಅಲ್ಲಿಯವರೆಗೆ ಅಪ್ಪ ನಮ್ಮ ಗಾಡಿಯ ನೆರಳಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ನಮ್ಮ ಅಪ್ಪ ಧೈರ್ಯಸ್ಥನಲ್ಲ. ಎತ್ತು ಸೀನಿದರೂ ಗುಡಿಗೆ ಬಂದು ಕಾಯಿ ಒಡೆಸುತ್ತಿದ್ದವನು. ಅವನು ಎದ್ದ, ಬಸವಣ್ಣನಿಗೆ ಕೈಮುಗಿದ. ನೇರವಾಗಿ ನನ್ನ ಹತ್ತಿರ ಬಂದ.

“ಏಳು ಮಗಾ,” ಎಂದ.

ಅಪ್ಪನೂ ಅವರ ಕಡೆಗೇ ಸೇರಿದ ಎಂದು ನನಗೆ ಅಳು ಬಂತು. ಮೂಟೆಯ ಕಿವಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

“ನೀನು ಎದ್ರೆ ತಾನೆ ಗಾಡಿಗೆ ಹಾಕಾದು. ಇದು ನಮ್ಮ ಮನೆ ಮೂಟೆ. ಪುಟ್ಟಿ ಕೈಗೆ ಹೋಗ್ತೈತೆ.”

ಯಜಮಾನರು ಮೇಲೆದ್ದರು. “ಹೂ ಬೀಳೋಕೆ ಮುಂಚೆ ಮುಟ್ಟಿದ್ರೆ ನಿನ್ನ ಮನೆಗೆ ಇನ್ನೇನಾಯ್ತದೋ ನೋಡ್ಕೋ.”

ಅಪ್ಪ ಆ ಒಂದು ವರ್ಷದಲ್ಲಿ ಮೊದಲ ಸಲ ನನ್ನ ಕಾಲನ್ನು ನೇರವಾಗಿ ನೋಡಿದ. “ಆಗೋದಾಗ್ಲಿ ಯಜಮಾನ್ರೇ. ದೇವರ ಮೂಲೆ ಅಂತ ನಾನು ಆ ಗಳಾನ ಒಂದು ದಿನ ತಟ್ಟಿ ನೋಡ್ಲಿಲ್ಲ. ಗೆದ್ದಲು ತಿಂದಿತ್ತು. ತಪ್ಪು ನಂದು. ಬಸವಣ್ಣನ ತಲೆಗೆ ಕಟ್ಟಿ ಒಂದು ವರ್ಷ ಸುಮ್ಕಿದ್ದೆ.”

ನಾನು ಎದ್ದೆ. ಅಪ್ಪ ಮೂಟೆಯನ್ನು ಬೆನ್ನಿಗೆ ಹಾಕಿಕೊಂಡು ಗಾಡಿಗೆ ಏರಿಸಿದ. ಅಜ್ಜಿ ಕೂತಿದ್ದ ಮೂಟೆ ಪಕ್ಕದ ಮನೆಯವರದು. ಆ ಮನೆಯ ಹೆಂಗಸು ಗಂಡನ ಮುಖವನ್ನೂ ನೋಡದೆ, ಇದನ್ನೂ ಹಾಕಿ ಎಂದಳು. ಇನ್ನೂ ಮೂರು ಮನೆಯವರು ಕೊಟ್ಟರು. ಉಳಿದವರು ತಮ್ಮ ಮೂಟೆಯ ಪಕ್ಕದಲ್ಲೇ ನಿಂತರು. ಗುಡಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ನಮ್ಮ ಗಾಡಿ ತಿಪಟೂರಿನ ದಾರಿ ಹಿಡಿದಿತ್ತು. ಪುಟ್ಟಿಯೂ ಅವಳ ಅವ್ವನೂ ಮೂಟೆಗಳ ನಡುವೆ ಕೂತಿದ್ದರು. ಮಾರನೆಯ ದಿನ ಹೂ ಬಸವಣ್ಣನ ಕಾಲ ಬಳಿ ಬಿದ್ದಿತ್ತು. ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ನೋಡಿದವರಿಲ್ಲ.

ಅಪ್ಪ ನಮ್ಮ ಅಟ್ಟಕ್ಕೆ ಹೊಸ ಗಳ ಹಾಕಿಸಿ ದೇವರ ಮೂಲೆಯನ್ನು ಮತ್ತೆ ಮಾಡಿದ. ಈ ಸಲ ಅದನ್ನು ಗುಡಿಸುವ ಕೆಲಸ ನನ್ನದು. ಆ ಮೂಲೆಯ ಕಾಯಿ ಪೆಟ್ಟಾದ ಮಕ್ಕಳಿಗೆ, ಬಸವಣ್ಣನ ಹೆಸರಿನಲ್ಲಿ. ಮರದಿಂದ ಬಿದ್ದವರು, ಸುಟ್ಟುಕೊಂಡವರು, ಗಾಡಿಯ ಚಕ್ರಕ್ಕೆ ಸಿಕ್ಕಿದವರು ಯಾರ ಮನೆಯವರಾದರೂ ಸರಿ. ಐದು ಮನೆಯ ಮೂಲೆಗಳಿಂದ ಶುರುವಾದ ಕೆಲಸ ಅದು. ಯಜಮಾನರ ಮನೆಯ ಮೂಟೆ ಬರಲು ಬಹಳ ವರ್ಷ ಬೇಕಾಯಿತು. ಬಂದಾಗ ನಾವು ಏನೂ ಆಡಿಕೊಳ್ಳದೆ ಇಳಿಸಿಕೊಂಡೆವು. ಈಗ ಗುಡಿಯ ಪಕ್ಕದಲ್ಲಿ ನೀವು ಕ್ರಿಕೆಟ್ ಚೆಂಡು ಹೊಡೆದು ಕಿಟಕಿ ಒಡೆದಿರಲ್ಲ, ‘ದೇವರ ಮೂಲೆ’ ಎಂದು ಬೋರ್ಡು ಹಾಕಿರುವ ಕೋಣೆ, ಅದು ಆ ಕೆಲಸದ್ದೇ. ಪುಟ್ಟಿಯ ಕೈಯಲ್ಲಿ ಕಿರುಬೆರಳೊಂದು ಬಿಟ್ಟು ಉಳಿದೆಲ್ಲ ಬಿಚ್ಚಿಕೊಂಡವು. ನಿಮ್ಮ ಸ್ಕೂಲ್ ಯೂನಿಫಾರಂ ಹೊಲಿಯುವ ಟೈಲರ್ ಅಜ್ಜಿ ಇದ್ದಾಳಲ್ಲ, ಅವಳೇ ಪುಟ್ಟಿ.

ನಿಮ್ಮ ಮನೆಗೆ ಅಟ್ಟವಿಲ್ಲ. ಕಾಯಿ ಶೆಡ್ಡಿನಲ್ಲಿ ಒಣಗುತ್ತದೆ, ಎಷ್ಟೋ ಮರಗಳ ಕಾಯಿ ಎಳನೀರಾಗಿದ್ದಾಗಲೇ ಲಾರಿ ಹತ್ತುತ್ತದೆ. ಕಾಯಿಯನ್ನು ಕಿವಿಗೆ ಹಿಡಿದು ಕೇಳಿದವರು ನಿಮ್ಮಲ್ಲಿ ಒಬ್ಬರೂ ಇಲ್ಲ. ಬಿದ್ದರೆ ಆಂಬುಲೆನ್ಸ್ ಬರುತ್ತದೆ, ಒಳ್ಳೆಯದು. ಕಾಲು ಮುರಿದರೆ ದೇವರ ಕೋಪ ಎಂದು ನಿಮಗೆ ಯಾರೂ ಹೇಳುವುದಿಲ್ಲ, ಅದು ಇನ್ನೂ ಒಳ್ಳೆಯದು. ಆದರೆ ಪೆಟ್ಟಾದ ಮಗುವಿನ ಫೋಟೊ ಫೋನಿನಲ್ಲಿ ಬಂದಾಗ ಅಯ್ಯೋ ಪಾಪ ಎಂದು ಬೆರಳಲ್ಲಿ ಮೇಲಕ್ಕೆ ಸರಿಸಿ ಮುಂದಿನದನ್ನು ನೋಡುತ್ತೀರಿ. ಅದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಈ ವರ್ಷದ ಕೊಬ್ಬರಿಯ ದುಡ್ಡಿನಲ್ಲಿ ಗುಡಿಗೆ ದೊಡ್ಡ ಕಮಾನು ಕಟ್ಟಿಸೋಣ, ಪೆಟ್ಟಾದ ಮಕ್ಕಳನ್ನು ನೋಡಿಕೊಳ್ಳಲು ಸರ್ಕಾರವಿದೆ ಎಂದು ಕೆಲವರು ಮಾತಾಡಿಕೊಂಡಿದ್ದಾರೆ. ಬರುವ ಸೋಮವಾರ, ಕಾರ್ತಿಕದ ಕಡೆಯದು, ಮೂಟೆಗಳು ಬರುವ ದಿನವೇ ಗುಡಿಯಲ್ಲಿ ಸಭೆ. ಪುಟ್ಟಿಗೆ ಹೇಳಿ ಕಳಿಸಿದ್ದೇನೆ, ಇಬ್ಬರೂ ಹೋಗುತ್ತಿದ್ದೇವೆ. ನನಗೆ ಪ್ಲಾಸ್ಟಿಕ್ ಕುರ್ಚಿ ತಂದು ಕೊಡುತ್ತಾರೆ, ಬೇಡ ಎನ್ನುತ್ತೇನೆ. ಮೂಟೆಯ ಮೇಲೇ ಕೂರುತ್ತೇನೆ. ಈ ವಯಸ್ಸಿನಲ್ಲಿ ನಾನು ಒಮ್ಮೆ ಕೂತರೆ ಇಬ್ಬರು ಹಿಡಿದು ಎಬ್ಬಿಸಬೇಕು. ನಾನು ಹೇಳುವವರೆಗೆ ನೀವು ಯಾರೂ ಎಬ್ಬಿಸಲು ಕೈ ಚಾಚಬೇಡಿ.